ತೆಳ್ಳನೆಯ ತಂತಿಯಲ್ಲಿ ನಲವತ್ತೆಂಟು ವೋಲ್ಟ್

ನಮ್ಮ ವಿಜ್ಞಾನ ಮಾತುಕತೆಯ ಕಂತು ಪ್ರಸಾರವಾದ ಮೇಲೆ ಬರುವ ಪತ್ರಗಳಲ್ಲಿ ಹೆಚ್ಚಿನವು ಗ್ರಹಣ, ಧೂಮಕೇತು, ಕಪ್ಪು ಕುಳಿಗಳ ಬಗ್ಗೆ ಇರುತ್ತವೆ. ಈ ಸಲ ಬಂದ ಒಂದು ಪತ್ರ ಬೇರೆ ಬಗೆಯದು. ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ನಮ್ಮ ಕಾಲೇಜಿನ ಪಡಸಾಲೆಯಲ್ಲಿ ಹೊಸದಾಗಿ ಕ್ಯಾಮೆರಾ ಹಾಕಿದ್ದಾರೆ. ಅದಕ್ಕೆ ಒಂದೇ ಒಂದು ನೀಲಿ ವೈರು ಬಂದಿದೆ. ಪ್ಲಗ್ ಇಲ್ಲ, ಅಡಾಪ್ಟರ್ ಇಲ್ಲ. ಹಾಗಾದರೆ ಕರೆಂಟು ಎಲ್ಲಿಂದ ಬರುತ್ತದೆ? ಆ ವೈರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವೆ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಸುಲಭದ ಉತ್ತರ ಕೊಡಲು ಹೋಗಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಸರಿಯಾಗಿ ಹೇಳಬೇಕೆಂದರೆ, ಪೆಟ್ಟು ತಿಂದವನು ನಾನಲ್ಲ, ನನ್ನ ಮಾತು ನಂಬಿದ ಹುಡುಗ. ಆ ಕಥೆಗೆ ಆಮೇಲೆ ಬರೋಣ.

ಆ ನೀಲಿ ವೈರಿನ ಹೆಸರು ಈಥರ್ನೆಟ್ ಕೇಬಲ್. ಅಂಗಡಿಯಲ್ಲಿ ಕ್ಯಾಟ್-5ಇ, ಕ್ಯಾಟ್-6 ಎಂದು ಕೇಳಿದರೆ ಕೊಡುತ್ತಾರೆ. ಹೊರಗಿನ ಸಿಪ್ಪೆ ಬಿಡಿಸಿ ನೋಡಿದರೆ ಒಳಗೆ ಎಂಟು ಸಣ್ಣ ತಾಮ್ರದ ತಂತಿಗಳು. ಎರಡೆರಡನ್ನು ಹಗ್ಗ ಹೊಸೆದಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಕ್ಯಾಮೆರಾ ಕಂಡ ದೃಶ್ಯ ಈ ಜೋಡಿಗಳ ಮೂಲಕ ಹೋಗುತ್ತದೆ. ಪ್ರತಿ ಜೋಡಿಯಲ್ಲೂ ಸಂಕೇತವಿರುವುದು ಎರಡು ತಂತಿಗಳ ನಡುವಿನ ವಿಭವಾಂತರದಲ್ಲಿ. ಒಂದೇ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ ಎಂಬುದು ಮುಖ್ಯವಲ್ಲ, ಒಂದಕ್ಕಿಂತ ಇನ್ನೊಂದು ಎಷ್ಟು ಹೆಚ್ಚು ಎಂಬುದು ಮುಖ್ಯ.

ಎಂಜಿನಿಯರುಗಳು ಜಾಣತನ ತೋರಿಸಿರುವುದು ಇಲ್ಲಿಯೇ. ಅಣ್ಣ ತಮ್ಮ ಇಬ್ಬರೂ ನೆಲದ ಮೇಲೆ ನಿಂತಿದ್ದಾರೆ ಎನ್ನಿ. ಅಣ್ಣ ಅರ್ಧ ಅಡಿ ಎತ್ತರ. ಈಗ ಇಬ್ಬರೂ ಅಟ್ಟ ಹತ್ತಿ ನಿಂತರು. ಅವರಿಬ್ಬರ ನಡುವಿನ ವ್ಯತ್ಯಾಸ ಆಗಲೂ ಅರ್ಧ ಅಡಿಯೇ. ಹಾಗೆಯೇ ಒಂದು ಜೋಡಿಯ ಎರಡೂ ತಂತಿಗಳನ್ನು ಒಟ್ಟಾಗಿ 48 ವೋಲ್ಟ್ ಮೇಲಕ್ಕೆ ಏರಿಸಿದರೆ ಸಂಕೇತಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ಜೋಡಿಯನ್ನು ನೆಲದಲ್ಲೇ ಬಿಟ್ಟರೆ, ಅಟ್ಟದ ಜೋಡಿಗೂ ನೆಲದ ಜೋಡಿಗೂ ನಡುವೆ 48 ವೋಲ್ಟ್ ಅಂತರ ಸಿಕ್ಕಿತು. ಕ್ಯಾಮೆರಾ ಓಡುವುದು ಆ ಅಂತರದಿಂದ. ಈ ವಿಧಾನಕ್ಕೆ ಪವರ್ ಓವರ್ ಈಥರ್ನೆಟ್, ಚುಟುಕಾಗಿ ಪಿಓಇ ಎನ್ನುತ್ತಾರೆ. ಐಟ್ರಿಪಲ್‌ಇ ಸಂಸ್ಥೆ ಇದರ ಮೊದಲ ಮಾನಕವನ್ನು 2003ರಲ್ಲಿ ಹೊರತಂದಾಗ ಒಂದು ಕೇಬಲಿಗೆ 15.4 ವ್ಯಾಟ್ ಮಿತಿ ಇತ್ತು. 2009ರಲ್ಲಿ ಅದು 30 ವ್ಯಾಟ್ ಆಯಿತು. 2018ರಲ್ಲಿ ನಾಲ್ಕೂ ಜೋಡಿಗಳನ್ನು ಬಳಸಿ 90 ವ್ಯಾಟಿನವರೆಗೆ ಕಳುಹಿಸಬಹುದೆಂದಾಯಿತು. ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ತಿರುಗಲು ಅಷ್ಟು ಸಾಕು.

15.4 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಹೆಸರಿಗೆ 48 ಆದರೂ ಕಳುಹಿಸುವ ಕಡೆ ವೋಲ್ಟೇಜು ಕನಿಷ್ಠ 44 ಇರಬೇಕೆಂದು ನಿಯಮ; ಪ್ರವಾಹ 0.35 ಆಂಪಿಯರ್. ಗುಣಿಸಿ ನೋಡಿ, 15.4 ವ್ಯಾಟ್ ಬರುತ್ತದೆ. ನೂರು ಮೀಟರ್ ಉದ್ದದ ಕೇಬಲಿನ ಹೋಗಿ ಬರುವ ದಾರಿಯ ರೋಧ ಹೆಚ್ಚೆಂದರೆ 20 ಓಮ್ ಎಂದು ಲೆಕ್ಕ ಹಿಡಿದಿದ್ದರು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲೇ ಶಾಖವಾಗಿ ಹೋಗುವುದು 2.45 ವ್ಯಾಟ್. ಕ್ಯಾಮೆರಾಕ್ಕೆ ತಲುಪುವುದು 12.95. ಮಾನಕದ ಪುಸ್ತಕದಲ್ಲಿ ಇರುವುದೂ ಇದೇ ಸಂಖ್ಯೆ. ಹತ್ತನೆಯ ತರಗತಿಯ ಸೂತ್ರ ಇಷ್ಟು ನೆಟ್ಟಗೆ ಕೆಲಸ ಮಾಡುವುದನ್ನು ಕಂಡರೆ ನನಗೆ ಇಂದಿಗೂ ಖುಷಿ.

ನಲವತ್ತೆಂಟೇ ಏಕೆ?

ಈ 48 ವೋಲ್ಟ್ ಹೊಸದಲ್ಲ. ಹಳೆಯ ಟೆಲಿಫೋನ್ ವಿನಿಮಯ ಕೇಂದ್ರಗಳು ಬ್ಯಾಟರಿಗಳ ಸಾಲಿನಿಂದ ಮನೆಮನೆಯ ಫೋನಿಗೆ ಕಳುಹಿಸುತ್ತಿದ್ದುದು ಇದನ್ನೇ. ಊರಿನ ವಿದ್ಯುತ್ ಹೋದರೂ ಫೋನು ಸಾಯುತ್ತಿರಲಿಲ್ಲವೆಂದು ಹಿರಿಯರು ಹೇಳಿದರೆ ಕಾರಣ ಇದೇ. ಫೋನು ರಿಂಗಣಿಸುವಾಗ ಮಾತ್ರ ಅದೇ ತಂತಿಯಲ್ಲಿ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ ಬರುತ್ತಿತ್ತು. ತಂತಿ ಹಿಡಿದು ಕೆಲಸ ಮಾಡುವಾಗ ಯಾರೋ ಫೋನ್ ಮಾಡಿದರೆ ಆಗುತ್ತಿದ್ದ ಅನುಭವವನ್ನು ಹಳೆಯ ಲೈನ್‌ಮನ್‌ಗಳು ಮರೆತಿಲ್ಲ.

ನಮ್ಮ ಸ್ಟುಡಿಯೋದಲ್ಲೂ ಇದೇ 48 ಇದೆ. ಉತ್ತಮ ದರ್ಜೆಯ ಮೈಕ್ರೋಫೋನಿಗೆ ಅದರ ಧ್ವನಿ ಕೇಬಲಿನಲ್ಲೇ ಸಣ್ಣ ವಿದ್ಯುತ್ ಹೋಗುತ್ತದೆ. ಅದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಫ್ಯಾಂಟಮ್ ಅಂದರೆ ದೆವ್ವ, ಕಣ್ಣಿಗೆ ಕಾಣದೆ ಬರುವುದು ಎಂಬ ಅರ್ಥದಲ್ಲಿ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಪ್ರಸಾರ ಸಂಸ್ಥೆಗೆ ಇಂಥ ಮೈಕ್ರೋಫೋನುಗಳನ್ನು ಮಾಡಿಕೊಟ್ಟಿತು. ಚಳಿಗಾಲದಲ್ಲಿ ಹಗಲೇ ಕತ್ತಲಾಗುವ ದೇಶ ಅದು. ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಆಗಲೇ ಇತ್ತು. ಇರುವುದನ್ನೇ ಬಳಸಿಕೊಂಡರು, ಜಗತ್ತೆಲ್ಲ ಅದನ್ನೇ ಹಿಡಿಯಿತು. ಆದರೆ ಇಲ್ಲೊಂದು ಭದ್ರತೆ ಇದೆ. ಮೈಕ್ರೋಫೋನಿನ ಪ್ರತಿ ತಂತಿಗೂ 6,800 ಓಮಿನ ರೋಧಕದ ಮೂಲಕವೇ ವಿದ್ಯುತ್ ಬರಬೇಕು. ತಂತಿ ಎಲ್ಲಿಗೆ ತಾಗಿದರೂ 7 ಮಿಲಿಆಂಪಿಯರಿಗಿಂತ ಸ್ವಲ್ಪ ಹೆಚ್ಚು ಹರಿಯಬಹುದು, ಅಷ್ಟೇ. ಮಾತುಕತೆಗೆ ಬಂದ ಅತಿಥಿಗಳು ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರೂ ನಾವು ಹೆದರುವುದಿಲ್ಲ. ನಮ್ಮ ಚಿಂತೆಯೆಲ್ಲ ಅದರ ಕರಕರ ಸದ್ದಿನದು.

ನೆಟ್‌ವರ್ಕ್ ಕೇಬಲಿನಲ್ಲಿ ಆ ರೋಧಕವಿಲ್ಲ. ವೋಲ್ಟೇಜು ಅದೇ ಆದರೂ ಹಿಂದೆ ಅರ್ಧ ಆಂಪಿಯರಿನಷ್ಟು ಸಿದ್ಧವಾಗಿ ನಿಂತಿದೆ.

ಹಾಗಾದರೆ ಮುಟ್ಟಿದರೆ ಏನಾಗುತ್ತದೆ? ಓಮನ ನಿಯಮವನ್ನೇ ಹಾಕಿ ನೋಡಿ. ಒಣಗಿದ ಕೈಯ ಚರ್ಮದ ರೋಧ ಹತ್ತಾರು ಸಾವಿರ ಓಮ್. 50,000 ಎಂದು ಹಿಡಿದರೆ 48 ವೋಲ್ಟಿಗೆ ಒಂದು ಮಿಲಿಆಂಪಿಯರ್ ಕೂಡ ಪೂರ್ತಿ ಹರಿಯುವುದಿಲ್ಲ. ಗೊತ್ತೇ ಆಗದು. ಕೈ ಒದ್ದೆಯಾಗಿದ್ದರೆ, ಬೆರಳು ಕೊಯ್ದಿದ್ದರೆ ರೋಧ ಒಂದೆರಡು ಸಾವಿರಕ್ಕೆ ಇಳಿಯಬಹುದು. ಆಗ ಹರಿಯುವುದು 24ರಿಂದ 48 ಮಿಲಿಆಂಪಿಯರ್. ಇದು ಚುರುಕು ಮುಟ್ಟಿಸುವ ಶಾಕ್. ನೇರ ವಿದ್ಯುತ್ತಿಗೆ 60 ವೋಲ್ಟಿನವರೆಗೆ ಅಪಾಯ ಕಡಿಮೆ ಎಂದು ಸುರಕ್ಷತಾ ಮಾನಕಗಳು ಹೇಳುವಾಗ ಜೊತೆಗೇ ಇನ್ನೊಂದು ಮಾತು ಇರುತ್ತದೆ: ಒಣಗಿದ ಸ್ಥಿತಿಯಲ್ಲಿ. ಆ ಎರಡು ಪದಗಳನ್ನು ನಾನು ಮರೆತಿದ್ದೆ.

ಟೆಸ್ಟರ್ ಹೊತ್ತಲಿಲ್ಲ

2019ರ ಜುಲೈ. ಹಳ್ಳಿಯ ಕಾಲೇಜೊಂದರ ಸಭಾಂಗಣದಲ್ಲಿ ಪ್ರಯೋಗಗಳನ್ನು ತೋರಿಸುವ ಕಾರ್ಯಕ್ರಮದ ಚಿತ್ರೀಕರಣ. ಮೇಜಿನ ಮೇಲಿನ ಪ್ರಯೋಗವನ್ನು ಮೇಲಿಂದ ತೋರಿಸಲು ಒಂದು ಸಣ್ಣ ನೆಟ್‌ವರ್ಕ್ ಕ್ಯಾಮೆರಾವನ್ನು ತೊಲೆಗೆ ಕಟ್ಟಿಸಿದ್ದೆ. ಕೇಬಲಿನ ತುದಿಯ ಆರ್‌ಜೆ-45 ಕನೆಕ್ಟರಿನ ಕೊಕ್ಕೆ ಮುರಿದಿತ್ತು, ತುದಿ ಕತ್ತರಿಸಿ ಹೊಸದು ಹಾಕಬೇಕು. ಹೊರಗೆ ಜಡಿಮಳೆ. ಆಗ ತಾನೇ ವ್ಯಾನಿನಿಂದ ಸಾಮಾನು ಇಳಿಸಿ ಬಂದಿದ್ದ ಸಹಾಯಕ ಹುಡುಗ ಏಣಿ ಹತ್ತಿದ.

"ಸರ್, ಕೆಳಗಡೆ ಆಫ್ ಮಾಡಿಸ್ಲಾ?" ಎಂದು ಕೇಳಿದ.

"ಅದು ಬರೀ ನೆಟ್‌ವರ್ಕ್ ವೈರಪ್ಪಾ, ಏನೂ ಆಗಲ್ಲ. ಹೊತ್ತಾಗ್ತಿದೆ, ಬೇಗ ಹಾಕು" ಎಂದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನ ಮಾತು ಇದು.

ಆದರೂ ಹುಡುಗ ಜಾಗರೂಕ. ಜೇಬಿನಿಂದ ಸ್ಕ್ರೂಡ್ರೈವರಿನಂಥ ಟೆಸ್ಟರ್ ತೆಗೆದು ಒಂದೊಂದೇ ತಂತಿಗೆ ಮುಟ್ಟಿಸಿದ. ಹೊತ್ತಲಿಲ್ಲ. ನೀಲಿ ಜೋಡಿಯ ಸಿಪ್ಪೆ ತೆಗೆದು ಬೆರಳಲ್ಲಿ ಹಿಡಿದುಕೊಂಡ. ಕಂದು ಜೋಡಿಯ ಸಿಪ್ಪೆಯನ್ನು, ವೈರಿಂಗ್ ಕೆಲಸದವರು ಅವಸರದಲ್ಲಿ ಮಾಡುವಂತೆ, ಹಲ್ಲಿನಿಂದ ಕಚ್ಚಿ ಎಳೆದ.

ಬಾಯೊಳಗಿನ ಒದ್ದೆ ಚರ್ಮಕ್ಕೆ ರೋಧ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಆ ಶಾಕ್ ಅವನ ಜೀವ ತೆಗೆಯುವಂಥದ್ದಾಗಿರಲಿಲ್ಲ. ತಲೆಯನ್ನು ಹಿಂದಕ್ಕೆ ಎಸೆಯುವಂತೆ ಮಾಡಲು ಮಾತ್ರ ಸಾಕಾಯಿತು. ಆರು ಅಡಿ ಮೇಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಕೆಳಗೆ ಕಡಪ ಕಲ್ಲಿನ ಅಂಚು ಇತ್ತು. ಅವನ ತಲೆ ಅದರಿಂದ ಒಂದು ಗೇಣು ದೂರದಲ್ಲಿ ಬಿತ್ತು.

ಆ ಟೆಸ್ಟರ್ ಏಕೆ ಹೊತ್ತಲಿಲ್ಲ? ಅದು ಕೆಟ್ಟಿರಲಿಲ್ಲ. ಅದರೊಳಗಿರುವುದು ಪುಟ್ಟ ನಿಯಾನ್ ದೀಪ. ಆ ಅನಿಲದ ಮೂಲಕ ವಿದ್ಯುತ್ ಹರಿಯತೊಡಗಬೇಕಾದರೆ ಸಾಮಾನ್ಯವಾಗಿ 60ರಿಂದ 90 ವೋಲ್ಟ್ ಬೇಕು. 48ಕ್ಕೆ ಅದು ಕಣ್ಣೇ ತೆರೆಯದು. ಜೊತೆಗೆ ಟೆಸ್ಟರ್ ಕೆಲಸ ಮಾಡುವುದು ತಂತಿಯಿಂದ ನಮ್ಮ ದೇಹದ ಮೂಲಕ ಭೂಮಿಗೆ ಹರಿಯುವ ಅತ್ಯಲ್ಪ ಪ್ರವಾಹದಿಂದ. ಪಿಓಇಯ 48 ವೋಲ್ಟ್ ಇರುವುದು ಜೋಡಿಗೂ ಜೋಡಿಗೂ ನಡುವೆ, ಭೂಮಿಗೂ ತಂತಿಗೂ ನಡುವೆ ಅಲ್ಲ. ಅಂದರೆ ಆ ಉಪಕರಣ ತನಗೆ ಕೇಳಲು ಬಾರದ ಪ್ರಶ್ನೆಗೆ ಸುಮ್ಮನಿತ್ತು. ನಾವು ಆ ಮೌನವನ್ನು "ಕರೆಂಟ್ ಇಲ್ಲ" ಎಂದು ಓದಿಕೊಂಡೆವು.

ತಮಾಷೆಯೆಂದರೆ ಇದೇ ಟೆಸ್ಟರನ್ನು ನಿಮ್ಮ ಮನೆಯ ಸೆಟ್ ಟಾಪ್ ಬಾಕ್ಸಿನ ಲೋಹದ ಮೈಗೆ ಮುಟ್ಟಿಸಿದರೆ ಮಂದವಾಗಿ ಹೊತ್ತುವುದುಂಟು. ಕೇಬಲಿನ ತುದಿ ತಾಗಿ ಕೈ ಜುಮ್ಮೆಂದ ಅನುಭವ ಅನೇಕರಿಗೆ ಆಗಿರಬೇಕು. ಅಡಾಪ್ಟರಿನ ಒಳಗೆ ಗದ್ದಲ ತಡೆಯಲು ಸಣ್ಣ ಕೆಪ್ಯಾಸಿಟರ್ ಇರುತ್ತದೆ. ಭೂಸಂಪರ್ಕವಿಲ್ಲದ ಎರಡು ಕಡ್ಡಿಯ ಪ್ಲಗ್ ಆದಾಗ ಅದರ ಮೂಲಕ ಒಂದಿಷ್ಟು ಸೋರಿ, ಡಬ್ಬಿಯ ಮೈ ನೂರು ವೋಲ್ಟಿನ ಆಸುಪಾಸಿಗೆ ಏರುತ್ತದೆ. ಆದರೆ ಹರಿಯಬಲ್ಲ ಪ್ರವಾಹ ಮಿಲಿಆಂಪಿಯರಿನ ಒಂದು ಸಣ್ಣ ಪಾಲು. ಅರ್ಧ ಆಂಪಿಯರ್ ಕಾದು ಕುಳಿತ ಕಡೆ ಟೆಸ್ಟರ್ ಕತ್ತಲು, ಏನೂ ಇಲ್ಲದಂಥ ಕಡೆ ಬೆಳಕು!

ಕೇಳಿ ಕೊಡುವುದು, ಕೇಳದೆ ಕೊಡುವುದು

ಆ ಹುಡುಗ ಕತ್ತರಿಸಿದ ಕೇಬಲ್ ಮಾನಕದಂತೆ ಕೆಲಸ ಮಾಡುವ ಪಿಓಇ ಸ್ವಿಚ್ಚಿಗೆ ಸೇರಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಈ ಸ್ವಿಚ್ ಎಂದರೆ ಗೋಡೆಯ ದೀಪದ ಸ್ವಿಚ್ ಅಲ್ಲ, ಹಲವು ಕೇಬಲುಗಳು ಬಂದು ಸೇರುವ ಪೆಟ್ಟಿಗೆ. ಅದು ಕೇಬಲ್ ಸಿಕ್ಕಿಸಿದ ಕೂಡಲೇ 48 ವೋಲ್ಟ್ ಕೊಡುವುದಿಲ್ಲ. ಮೊದಲು 10 ವೋಲ್ಟಿನ ಒಳಗಿನ ಪುಟ್ಟ ವಿದ್ಯುತ್ ಕಳುಹಿಸಿ, ಆ ತುದಿಯಲ್ಲಿ ಸುಮಾರು 25,000 ಓಮಿನ ರೋಧ ಇದೆಯೇ ಎಂದು ನೋಡುತ್ತದೆ. ಪಿಓಇ ಕ್ಯಾಮೆರಾಗಳಲ್ಲಿ ಗುರುತಿಗೆಂದೇ ಅಷ್ಟು ರೋಧ ಇಟ್ಟಿರುತ್ತಾರೆ. ಬಾಗಿಲು ತಟ್ಟಿದವರನ್ನು "ಯಾರು?" ಎಂದು ಕೇಳಿ, ದನಿ ಗುರುತಿಸಿದ ಮೇಲೆ ಅಗುಳಿ ತೆಗೆದಂತೆ. ಆಮೇಲೂ ಪ್ರವಾಹವನ್ನು ಗಮನಿಸುತ್ತಲೇ ಇರುತ್ತದೆ. ಕ್ಯಾಮೆರಾ ಕಿತ್ತರೆ ಪ್ರವಾಹ ನಿಲ್ಲುತ್ತದೆ, ಅರ್ಧ ಸೆಕೆಂಡ್ ಕಳೆಯುವುದರೊಳಗೆ ಸ್ವಿಚ್ಚೂ ವಿದ್ಯುತ್ ನಿಲ್ಲಿಸುತ್ತದೆ.

ಆದರೆ ನಮ್ಮಲ್ಲಿ ಅಂದು ಇದ್ದದ್ದು ಅಗ್ಗದ ಇಂಜೆಕ್ಟರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕಪ್ಪು ಡಬ್ಬಿ. ಪ್ಯಾಸಿವ್ ಎಂದು ಅಂಗಡಿಯವರು ಕರೆಯುವ ಈ ಬಗೆಯದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಪ್ಲಗ್ ಹಾಕಿದ ಕ್ಷಣದಿಂದ ನೀಲಿ ಜೋಡಿಯಲ್ಲಿ ಧನ, ಕಂದು ಜೋಡಿಯಲ್ಲಿ ಋಣ, ಆ ತುದಿಯಲ್ಲಿ ಕ್ಯಾಮೆರಾ ಇರಲಿ, ಕಂಪ್ಯೂಟರ್ ಇರಲಿ, ಮನುಷ್ಯನ ಬಾಯಿ ಇರಲಿ. ಎರಡರ ಕೇಬಲೂ ಒಂದೇ, ಕನೆಕ್ಟರೂ ಒಂದೇ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳುವಂತಿಲ್ಲ. ಮಾನಕದ ಸ್ವಿಚ್ಚೇ ಇದ್ದರೂ, ಕ್ಯಾಮೆರಾ ಜೋಡಿಸಿಕೊಂಡೇ ಇರುವಾಗ ನಡುವೆ ಸಿಪ್ಪೆ ಬಿಡಿಸಿದರೆ ಆ ತಂತಿ ಜೀವಂತವಾಗಿಯೇ ಇರುತ್ತದೆ ಎಂಬುದನ್ನೂ ಮರೆಯಬೇಡಿ.

ಆದ್ದರಿಂದ ಕೆಲಸದ ಕ್ರಮ ಶುರುವಾಗಬೇಕಾದದ್ದು ಏಣಿಯ ಮೇಲಲ್ಲ, ಕೇಬಲ್ ಹೊರಡುವ ಪೆಟ್ಟಿಗೆಯ ಹತ್ತಿರ. ಮೊದಲು ಅಲ್ಲಿ ವಿದ್ಯುತ್ ನಿಲ್ಲಿಸಬೇಕು. ಕನೆಕ್ಟರನ್ನು ಕೀಳುವುದು ಅದಾದ ಮೇಲೆ. ವಿದ್ಯುತ್ ಹರಿಯುತ್ತಿರುವಾಗಲೇ ಕಿತ್ತರೆ ಸಣ್ಣ ಕಿಡಿ ಹಾರಿ ಕನೆಕ್ಟರಿನ ಚಿನ್ನದ ಲೇಪ ಸುಡುತ್ತದೆ. ಒಳ್ಳೆಯ ಕನೆಕ್ಟರುಗಳಲ್ಲಿ ಆ ಕಿಡಿ ಸಂಪರ್ಕದ ಜಾಗದಿಂದ ಆಚೆಗೆ ಬೀಳುವಂತೆ ಆಕಾರ ಕೊಟ್ಟಿರುತ್ತಾರೆ, ಕಳಪೆಯವುಗಳಲ್ಲಿ ನಾಲ್ಕು ಸಲ ಕಿತ್ತು ಹಾಕಿದರೆ ಸಂಪರ್ಕವೇ ಸಡಿಲ.

ಆಮೇಲೆ ಅಳತೆ. ಇದಕ್ಕೆ ಮಲ್ಟಿಮೀಟರ್ ಬೇಕು. ನೇರ ವಿದ್ಯುತ್ತಿನ 200 ವೋಲ್ಟ್ ಮಟ್ಟಕ್ಕೆ ತಿರುಗಿಸಿ, ನೀಲಿ ಜೋಡಿಗೂ ಕಂದು ಜೋಡಿಗೂ ನಡುವೆ, ಕಿತ್ತಳೆಗೂ ಹಸಿರಿಗೂ ನಡುವೆ ನೋಡಬೇಕು. ಒಂದೇ ಜೋಡಿಯ ಎರಡು ತಂತಿಗಳ ನಡುವೆ ಅಳೆದರೆ ಸೊನ್ನೆಯೇ ಬರುತ್ತದೆ, ಅಣ್ಣ ತಮ್ಮ ಇಬ್ಬರೂ ಅಟ್ಟದ ಮೇಲಿದ್ದಾರಲ್ಲ! ಅಳೆಯುವ ಮೊದಲು ಮೀಟರನ್ನು ವಿದ್ಯುತ್ ಇದೆಯೆಂದು ಗೊತ್ತಿರುವ ಒಂದು ಕಡೆ, ಬ್ಯಾಟರಿಯ ಮೇಲಾದರೂ ಸರಿ, ಪರೀಕ್ಷಿಸಬೇಕು. ಕೇಬಲನ್ನು ಅಳೆದು ಸೊನ್ನೆ ಬಂದ ಮೇಲೆ ಪುನಃ ಅದೇ ಬ್ಯಾಟರಿಗೆ ಮುಟ್ಟಿಸಿ ನೋಡಬೇಕು. ನಡುವೆ ಮೀಟರಿನ ತಂತಿ ಕಡಿದುಹೋಗಿದ್ದರೂ ಸೊನ್ನೆಯೇ ತೋರಿಸುತ್ತದೆ. ಸತ್ತ ಮೀಟರಿನ ಸೊನ್ನೆಯನ್ನೂ ಸತ್ತ ತಂತಿಯ ಸೊನ್ನೆಯನ್ನೂ ಬೇರ್ಪಡಿಸಲು ಇದೊಂದೇ ಉಪಾಯ. ದೀಪಗಳ ಸಾಲು ಮಿನುಗುವ ಕೇಬಲ್ ಟೆಸ್ಟರನ್ನು ಪ್ಯಾಸಿವ್ ಇಂಜೆಕ್ಟರಿನ ಕೇಬಲಿಗೆ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು. ಅದು ವಿದ್ಯುತ್ ಇಲ್ಲವೆಂದು ಖಚಿತವಾದ ಮೇಲೆ ಬಳಸುವ ಸಾಧನ.

ಶಾಖದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಕೇಬಲಿನ 2.45 ವ್ಯಾಟ್ ನೂರು ಮೀಟರಿಗೆ ಹರಡಿದರೆ ಏನೂ ಅಲ್ಲ. ಹೆಚ್ಚು ವ್ಯಾಟಿನ ನೂರು ಕೇಬಲುಗಳನ್ನು ಒಂದೇ ಕಟ್ಟಾಗಿ ಬಿಗಿದರೆ ನಡುವಿನವು ಬಿಸಿಯಾಗುತ್ತವೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ ತಂತಿಯ ಅಗ್ಗದ ಕೇಬಲಾದರೆ ರೋಧ ಸುಮಾರು ಒಂದೂವರೆ ಪಟ್ಟು, ಬಿಸಿಯೂ ಅಷ್ಟೇ.

ಕಂಬದ ಮೇಲಿನ ಕೇಬಲ್

ಇದುವರೆಗೆ ಹೇಳಿದ್ದು ಕಟ್ಟಡದ ಒಳಗಿನ ಮಾತು. ಬೀದಿಗೆ ಬಂದರೆ ಲೆಕ್ಕವೇ ಬದಲಾಗುತ್ತದೆ. ನಮ್ಮ ಊರುಗಳಲ್ಲಿ ಟಿವಿ ಕೇಬಲ್, ಇಂಟರ್‌ನೆಟ್ ಕೇಬಲ್ ಎಲ್ಲವೂ ವಿದ್ಯುತ್ ಕಂಬಗಳನ್ನೇ ಆತುಕೊಂಡು ಹೋಗುವುದನ್ನು ನೀವು ನೋಡಿದ್ದೀರಿ. ಅನೇಕ ಕಡೆ ಟಿವಿ ಕೇಬಲಿನಲ್ಲೂ ದಾರಿಯ ಆಂಪ್ಲಿಫೈಯರುಗಳಿಗೆಂದು ಸುಮಾರು 60 ವೋಲ್ಟಿನ ಪರ್ಯಾಯ ವಿದ್ಯುತ್ ಹರಿಯುತ್ತಿರುತ್ತದೆ. ಆದರೆ ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಪಕ್ಕದ ತಂತಿಗೆ. ಅಲ್ಲಿ ಮನೆಗೆ ಬರುವ 230 ವೋಲ್ಟ್, ಅದರ ಮೇಲೆ ಕೆಲವು ಕಂಬಗಳಲ್ಲಿ 11,000 ವೋಲ್ಟ್, ಹೆಚ್ಚಿನ ಕಡೆ ಹೊದಿಕೆಯೇ ಇಲ್ಲದ ಬರಿಯ ತಂತಿ. ಗಾಳಿಗೆ ಕೊಂಬೆ ಬಿದ್ದು ಅದು ಕೇಬಲಿನ ಲೋಹದ ಹೆಣಿಗೆಗೋ, ಕೇಬಲನ್ನು ಹೊತ್ತ ಉಕ್ಕಿನ ತಂತಿಗೋ ತಾಗಿದರೆ, ಆ ಕ್ಷಣದಿಂದ ಕೇಬಲ್ ತನ್ನ ವೋಲ್ಟೇಜಿನದಲ್ಲ, ತಾನು ತಾಗಿದ ತಂತಿಯ ವೋಲ್ಟೇಜಿನದು. ತಾಗಿದ ಜಾಗ ನಾಲ್ಕು ಕಂಬ ಆಚೆ ಇರಬಹುದು. ಇಲ್ಲಿ ನಿಂತವನಿಗೆ ಕಾಣುವುದು ದಿನವೂ ಮುಟ್ಟುವ ಅದೇ ಕಪ್ಪು ವೈರು. 230 ವೋಲ್ಟನ್ನು ಒದ್ದೆ ದೇಹದ ಸಾವಿರ ಓಮಿಗೆ ಭಾಗಿಸಿ: 230 ಮಿಲಿಆಂಪಿಯರ್. ಪರ್ಯಾಯ ವಿದ್ಯುತ್ತಾದರೆ ಸುಮಾರು ಹತ್ತಕ್ಕೇ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ.

ವಿದ್ಯುತ್ ಇಲಾಖೆಯ ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಉಪಕೇಂದ್ರದಿಂದ ಎಲ್.ಸಿ., ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾರೆ. ಲೈನ್ ನಿಲ್ಲಿಸಿದ್ದು, ಯಾರ ಹೆಸರಿಗೆ, ಎಷ್ಟು ಹೊತ್ತಿಗೆ ಎಂಬುದು ಪುಸ್ತಕದಲ್ಲಿ ದಾಖಲಾಗುತ್ತದೆ. ತೆಗೆದುಕೊಂಡವರೇ ಕೆಲಸ ಮುಗಿಸಿ ಹಿಂತಿರುಗಿಸುವವರೆಗೆ ಲೈನ್ ಚಾಲೂ ಮಾಡುವಂತಿಲ್ಲ. ಕೇಬಲ್ ಕೆಲಸದ ಹುಡುಗರಿಗೆ ಇಂಥ ಪುಸ್ತಕವಿಲ್ಲ. ಮಳೆಯಲ್ಲಿ ಟಿವಿ ನಿಂತರೆ ನಾವು ಫೋನು ಮಾಡಿ ರೇಗುತ್ತೇವೆ, ಅವರು ಬರಿಗಾಲಲ್ಲಿ ಏಣಿ ಹೊತ್ತು ಬರುತ್ತಾರೆ. ಬೀದಿಯಲ್ಲಿ ಜೋತುಬಿದ್ದ ಯಾವ ವೈರನ್ನೂ, ಅದು ನಿಮ್ಮದೇ ಮನೆಯ ಇಂಟರ್‌ನೆಟ್ ವೈರೆಂದು ಗೊತ್ತಿದ್ದರೂ, ನೀವು ಮುಟ್ಟಬೇಡಿ. ವಿದ್ಯುತ್ ಕಂಪನಿಗಳ 1912 ಸಹಾಯವಾಣಿಗೆ ತಿಳಿಸಿ, ಅವರು ಬರುವವರೆಗೆ ಬೇರೆಯವರೂ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಪತ್ರ ಬರೆದ ವಿದ್ಯಾರ್ಥಿನಿಗೆ ಈಗ ಉತ್ತರ ಹೇಳಬಹುದು. ಪಡಸಾಲೆಯ ನೀಲಿ ವೈರನ್ನು ಹೊರಗಿನಿಂದ ಮುಟ್ಟಿದರೆ ಏನೂ ಆಗುವುದಿಲ್ಲ, ಅದರ ಸಿಪ್ಪೆ ಗಟ್ಟಿಯಾದ ಅವಾಹಕ. ಒಳಗಿನ ತಂತಿ ಹೊರಬಂದಿದ್ದರೆ ಕಾಲೇಜಿನ ಕಚೇರಿಗೆ ತಿಳಿಸಿ, ನೀವೇ ಸುತ್ತಿ ಒಳಗೆ ತಳ್ಳಲು ಹೋಗಬೇಡಿ.

ನಮ್ಮ ಹುಡುಗನ ಮಣಿಕಟ್ಟು ಕೂಡಲು ಆರು ವಾರ ಹಿಡಿಯಿತು. ಅವನು ಈಗಲೂ ನಮ್ಮ ತಂಡದಲ್ಲಿದ್ದಾನೆ. ಮೀಟರನ್ನು ಏಣಿಗೇ ಕಟ್ಟಿಟ್ಟಿದ್ದಾನೆ. ಏಣಿ ಹತ್ತುವ ಮೊದಲು ಇಂಜೆಕ್ಟರಿನ ಪ್ಲಗ್ಗನ್ನು ಕಿತ್ತು, ಆ ಕಪ್ಪು ಡಬ್ಬಿಯನ್ನು ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಕೆಳಗೆ ನಿಂತ ನಾನು ಎಷ್ಟೇ ಅವಸರ ಮಾಡಿದರೂ ಇಳಿದು ಬರುವವರೆಗೆ ಅದನ್ನು ಯಾರ ಕೈಗೂ ಕೊಡುವುದಿಲ್ಲ.